ಸಂಬಂಧಿಕರಿಗೆ ಸ್ಕೂಟರ್ ಇಲ್ಲ

ಚಹಾಪುಡಿ ಕಂಪನಿಯ ಬಹುಮಾನ ಸ್ಪರ್ಧೆ ನಡೆಸುತ್ತ ನಾನು ತಿರುಗದ ಊರಿಲ್ಲ, ದುಬೈ ಪೇಟೆಯನ್ನೂ ಬಿಟ್ಟಿಲ್ಲ. ಆದರೆ ನಿಯಮವನ್ನು ಮುರಿಯದೆ, ಪ್ರೀತಿಯಿಂದಲೇ ಕರಗಿಸಿ ಕುಡಿಯುವ ಜನರನ್ನು ಕಂಡದ್ದು ಕಿತ್ತೂರು, ಬೈಲಹೊಂಗಲದ ಸುತ್ತಲೇ. ಅಲ್ಲಿ ಬಸ್ಸಿಳಿದರೆ ಏನಾದರೊಂದು ಆಗಿಯೇ ಆಗುತ್ತದೆ. ಈ ಸಲದ ಬಹುಮಾನ ಒಂದು ಸ್ಕೂಟರ್.

೧. ಸವದತ್ತಿ

ಬರೀ ಅದೃಷ್ಟದ ಮೇಲೆ ಬಹುಮಾನ ಕೊಟ್ಟರೆ ಅದು ಲಾಟರಿ, ಕಾನೂನು ಬಿಡುವುದಿಲ್ಲ. ಅದಕ್ಕೇ ಬುದ್ಧಿಪರೀಕ್ಷೆ: ನಮ್ಮ ಚಹಾದ ಬಗ್ಗೆ ಒಂದು ವಾಕ್ಯ ಬರೆಯಬೇಕು, ಎಲ್ಲಕ್ಕಿಂತ ಚೆಂದದ್ದಕ್ಕೆ ಸ್ಕೂಟರ್. ಒಬ್ಬ ಅಜ್ಜಿ ಹೇಳಿ ಬರೆಸಿದರು: "ಚಹಾ ಸಪ್ಪಗ ಐತಿ. ಡಬ್ಬಿ ಮಾತ್ರ ಉಪ್ಪಿನಕಾಯಿಗೆ ಭಾರಿ ಛಲೋ."

"ಅಜ್ಜಿ, ಹೊಗಳಬೇಕ್ರಿ!"

"ಹೊಗಳೀನಲ್ಲವ್ವಾ, ಡಬ್ಬೀನ!"

೨. ರಾಮದುರ್ಗ

ವಾಕ್ಯ ಸ್ವಂತದ್ದಾಗಿರಬೇಕು ಎಂಬುದು ಇನ್ನೊಂದು ನಿಯಮ. ನೇಕಾರರ ಓಣಿಯೊಂದರಿಂದ ಬಂದ ಅಷ್ಟೂ ಚೀಟಿಗಳಲ್ಲಿ ಒಂದೇ ವಾಕ್ಯ! ಮೊದಲು ಬರೆದಾಕೆಯನ್ನು ಹುಡುಕಿ, "ಯಾಕ್ರಿ ಅಕ್ಕಾರ, ಓಣಿಗೆಲ್ಲ ಹಂಚೀರಿ?" ಎಂದೆ.

"ಅಯ್ಯ, ಛಲೋ ಮಾತು ಒಬ್ಬಾಕೀನ ಇಟ್ಕೊಂಡು ಕುಂದರಲೇನ್ರಿ? ನೀವೂ ಬರಕೋರಿ."

ಪೆನ್ನು ತೆಗೆದೇಬಿಟ್ಟಿದ್ದೆ. ನಾನೇ ಕಂಪನಿಯವಳು ಎಂಬುದು ಆಮೇಲೆ ನೆನಪಾಯಿತು.

೩. ಬೈಲಹೊಂಗಲ

ಗೆದ್ದವರು ದೊಡವಾಡ ಕಡೆಯ ಅಂಗನವಾಡಿ ಟೀಚರ್. ಬಸ್ಸು ತಪ್ಪಿದರೆ ಹೊಲದ ದಾರಿ ಹಿಡಿದು ನಡೆದೇ ಕೆಲಸಕ್ಕೆ ಹೋಗುವವರು. ನಮ್ಮ ಚಹಾ ಮಾರುವ ಅಂಗಡಿಯ ಮುಂದೆ ಸ್ಕೂಟರಿನ ಸೀಟು ಸವರುತ್ತ ನಿಂತಿದ್ದರು. ಬೆಂಗಳೂರಿನಿಂದ ಬಂದ ಕಂಪನಿ ವಕೀಲರು ಕೊನೆಯ ನಿಯಮ ಓದಿದರು: ಅಂಗಡಿಯವರ ಸಂಬಂಧಿಕರಿಗೆ ಬಹುಮಾನವಿಲ್ಲ.

"ಇವರು ನಿಮಗೇನಾಗಬೇಕು?" ಎಂದು ಅಂಗಡಿಯವರನ್ನು ಕೇಳಿದರು.

ಬಂದವರನ್ನೆಲ್ಲ ಅಕ್ಕ, ಕಾಕಾ ಎಂದೇ ಕರೆಯುವ ಅಂಗಡಿ ಸಾವಕಾರರು ಜನರೆದುರು "ಏನೂ ಅಲ್ಲ" ಎನ್ನುವುದುಂಟೆ? "ನಮ್ಮ ಅಕ್ಕ ಆಗಬೇಕ್ರಿ!"

ವಕೀಲರು ಕೀಲಿಯನ್ನು ಜೇಬಿಗಿಳಿಸಿದರು. "ಎರಡನೇ ಸ್ಥಾನದವರು?"

"ಅವರು ನಮ್ಮ ಕಾಕಾ."

"ಸಂಬಂಧ ಇಲ್ಲದವರು ಯಾರಾದರೂ ಇದ್ದಾರೇನ್ರಿ ಇಲ್ಲಿ?"

"ಯಾರೂ ಇಲ್ರಿ. ಮುಂಜಾನೆ ನಮ್ಮ ಮನ್ಯಾಗ ಉಂಡೀರಿ, ನೀವೂ ನಮ್ಮವರ ಆದ್ರಿ."

ಟೀಚರ್ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಅಕ್ಕ ಅಂತೀರಲ್ಲ ಸಾವಕಾರ್ರ, ಒಂದರ ವರ್ಷ ಪಂಚಮಿಗೆ ತವರಿಗೆ ಕರದು ಸೀರಿ ಉಡಿಸೀರೇನು?"

ಸಾವಕಾರರ ತಲೆ ತಗ್ಗಿತು. "ಇಲ್ಲವಾ."

"ಕೇಳಿದ್ರೇನ್ರಿ ವಕೀಲ್ರ? ಸೀರಿ ಇಲ್ಲ, ಸಂಬಂಧ ಇಲ್ಲ. ಕೀಲಿ ಕೊಡ್ರಿ."

ಇಂಥ ವಾದವನ್ನು ನಾನು ಯಾವ ದೇಶದಲ್ಲೂ ಕೇಳಿರಲಿಲ್ಲ. ವಕೀಲರು ಬಾಯಿ ತೆರೆದುಕೊಂಡೇ ಕೀಲಿ ಕೊಟ್ಟರು. ಅಷ್ಟರಲ್ಲಿ, ನಾಚಿ ಕೆಂಪಾದ ಸಾವಕಾರರು ಪಕ್ಕದ ಅಂಗಡಿಗೆ ಓಡಿ, ಇಳಕಲ್ ಸೀರೆ ಹಿಡಿದು ಬಂದರು. "ತಗೊ ಅಕ್ಕಾ!"

ವಕೀಲರು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಕೂಗಿದರು: "ಅಕ್ಕಾ, ಮೊದಲು ಸ್ಕೂಟರ್ ತಗೊಂಡು ಹೋಗಿ! ಸೀರೆ ಆಮೇಲೆ!"