ವೈನಿ ಮಾಡಿದ ದ್ರಾಕ್ಷಾಸವ

ಬಾಟಲಿಯ ಮೇಲೆ 'ಔಷಧ' ಎಂದು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದರೂ ಅಷ್ಟೇ, ಒಳಗಿರುವುದು ಹುಳಿ ಬಂದ ದ್ರಾಕ್ಷಿಯ ರಸವಾದರೆ ಏನಾದರೊಂದು ಆಗದೆ ಬಿಡುವುದಿಲ್ಲ.

ಇಂಡಿ ಊರಿನಲ್ಲಿ ನಮ್ಮವರು, ಅಂದರೆ ನನ್ನ ಗಂಡ, ಆಯುರ್ವೇದ ವೈದ್ಯರಾಗಿದ್ದರು. ನಮ್ಮ ಕಡೆ ಆಗ ದಾರೂಬಂದಿ. ಒಂದು ಬಾಟಲಿ ದಾರೂ ಸಿಕ್ಕರೂ ಜೇಲು. ಅಂಥ ಕಾಲದಲ್ಲಿ ನಮ್ಮ ಮನೆಯ ಜೋಳದ ಕೋಣೆಯಲ್ಲಿ ಹನ್ನೊಂದು ಭರಣಿ ದ್ರಾಕ್ಷಾಸವ! ಕರಿ ದ್ರಾಕ್ಷಿಯದು ಕೆಂಪು, ಹಸಿರು ದ್ರಾಕ್ಷಿಯದು ಬಿಳಿ. ನಾಡಿ ಹಿಡಿಯುವುದು ಅವರ ಕೆಲಸ. ದ್ರಾಕ್ಷಿ ಹಿಂಡಿ, ಬೆಲ್ಲ, ಧಾತಕಿ ಹೂವು ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ, ಜೋಳದ ರಾಶಿಯಲ್ಲಿ ತಿಂಗಳು ಹುಗಿದಿಡುವುದು ನನ್ನ ಕೆಲಸ. ಹೀಗಾಗಿ ನಗುವ ಪಾಳಿ ಊರಿನದು, ಒದ್ದಾಡುವ ಪಾಳಿ ನನ್ನದು.

೧. ಅಕ್ಕ-ತಂಗಿ

ನಾಶಿಕದ ಕಡೆಯಿಂದ ರೈಲಿಗೆ ಬಂದ ದ್ರಾಕ್ಷಿ ಬುಟ್ಟಿಗಳನ್ನು ನಮ್ಮ ಮನೆಗೆ ತರುತ್ತಿದ್ದವರು ಒಬ್ಬ ಬಾಗವಾನ ಚಾಚಾ. ಅವರಿಗೆ ಹಣ್ಣೆಂದರೆ ಹೆಣ್ಣುಮಕ್ಕಳಿದ್ದ ಹಾಗೆ. ದ್ರಾಕ್ಷಿಯ ಒಂದೊಂದು ತಳಿಯನ್ನೂ ಹೆಸರು ಹಿಡಿದು ಹೊಗಳದೆ ಒಪ್ಪಿಸುತ್ತಿರಲಿಲ್ಲ.

"ವೈನಿ, ಈಕಿ ಭೋಕ್ರಿ. ಎಲ್ಲಾರ ಕೂಡಾನೂ ಹೊಂದಿಕೊಂಡು ಹೋಗ್ತಾಳ. ಈಕಿ ಪಂಢರಿ ಸಾಹೇಬಿ. ಬೆಳ್ಳಗ, ಉದ್ದಕ ಅದಾಳ, ಆದ್ರ ಭಾಳ ನಾಜೂಕು. ಒಂದು ದಿನ ಬಿಸಲಾಗ ಕುಂದರಿಸಿದ್ರ ಮಾರಿ ಸಪ್ಪಗ ಮಾಡ್ತಾಳ. ಇವರಕ್ಕ ಕಾಳಿ ಸಾಹೇಬಿ. ಗಟ್ಟಿ ಹೆಣ್ಣು!"

ಪಡಸಾಲೆಯಲ್ಲಿ ನಮ್ಮ ಅತ್ತೆ ಕೂತಿದ್ದರು. ಅವರಿಗೆ ಕಣ್ಣು ಮಂಜು, ಕಿವಿ ಚುರುಕು. ನನ್ನ ಮೈದುನನಿಗೆ ಹೆಣ್ಣು ಹುಡುಕುತ್ತಿದ್ದ ದಿನಗಳು ಬೇರೆ.

"ಅಕ್ಕ-ತಂಗಿ ಇಬ್ಬರೂ ಇರಲಿ ಚಾಚಾ," ಎಂದೆ. "ಆದ್ರ ಹಿಂಡಾಕ ಯಾರು ಛಲೋ?"

"ಕಾಳಿನ್ನ ಹಿಂಡ್ರಿ. ಎಷ್ಟು ಹಿಂಡಿದ್ರೂ ಪಿಟ್ ಅನ್ನೂದಿಲ್ಲ."

ಅತ್ತೆ ಕೋಲು ಊರಿಕೊಂಡು ಹೊರಗೆ ಬಂದೇಬಿಟ್ಟರು. "ಇನ್ನೂ ಮನಿ ತುಂಬಿಸ್ಕೊಂಡಿಲ್ಲ, ಆಗಲೇ ಹಿಂಡೂ ಮಾತಾಡ್ತಿಯೇನ? ನಾ ನಿನ್ನ ಅತ್ತಿ. ನೀ ಬಂದು ಹತ್ತು ವರ್ಷಾತು. ಒಂದು ದಿನರ ನಿನ್ನ ಹಿಂಡೀನೇನು? ಚಾಚಾನ ಮುಂದಽ ಹೇಳು!"

ಚಾಚಾ ನನ್ನ ಮುಖ ನೋಡಿದರು. ನಾನು ಬುಟ್ಟಿಯ ಮುಖ ನೋಡಿದೆ. ಕಾಳಿ ಸಾಹೇಬಿಯ ಬುಟ್ಟಿ ಎತ್ತಿಕೊಂಡು, ಆಕೆಯ ಹಾಗೆಯೇ ಪಿಟ್ ಎನ್ನದೆ ಒಳಗೆ ಹೋದೆ.

೨. ಊಟ ಆದ ಮೇಲೆ

ದೇವಣಗಾಂವದ ಗೌಡರೊಬ್ಬರಿಗೆ ಹಸಿವೆಯೇ ಇರಲಿಲ್ಲ. ಅರ್ಧ ರೊಟ್ಟಿ ಮುರಿದರೆ ಸಾಕು, ತಾಟು ಸರಿಸುತ್ತಿದ್ದರು. ನಮ್ಮವರು ಕೆಂಪು ಒಂದು ಬಾಟಲಿ, ಬಿಳಿ ಒಂದು ಬಾಟಲಿ ಕೊಟ್ಟು ಹೇಳಿದರು: "ಯಾವುದು ಒಗ್ಗತೈತಿ ಅದನ್ನ ತಗೋರಿ. ಊಟ ಆದ ಮ್ಯಾಲ ಎರಡು ಚಮಚ, ಅಷ್ಟಽ ನೀರು. ತಿಂಗಳಿಗೆ ಸಾಕು."

ಎಂಟನೇ ದಿನಕ್ಕೆ ಗೌಡರು ಚಕ್ಕಡಿ ಕಟ್ಟಿಕೊಂಡು ಹಾಜರು. ಕೈಯಲ್ಲಿ ಎರಡೂ ಖಾಲಿ ಬಾಟಲಿ.

"ಗೌಡ್ರ, ಊಟ ಆದ ಮ್ಯಾಲ ಅಂತ ಹೇಳಿದ್ನೆಲ್ರಿ?"

"ಹೌದ್ರಿ. ನಿಮ್ಮ ಮಾತು ಮೀರಿಲ್ಲ. ದಿನಕ್ಕ ಏಳು ಸಲ ಉಂಡೇನಿ."

ಅಷ್ಟೇ ಅಲ್ಲ, ಒಂದು ವಾರದಲ್ಲಿ ಪಂಡಿತರೇ ಆಗಿಬಿಟ್ಟಿದ್ದರು. "ವೈದ್ಯರ, ಕೆಂಪಿಗೆ ಎಣಗಾಯಿ ಬದನಿಕಾಯಿ, ಕಟಕ ರೊಟ್ಟಿನಽ ಆಗಬೇಕು. ಝುಣಕಾ ಆದ್ರೂ ನಡೀತೈತಿ. ಬಿಳೀದಕ್ಕ ಸಿಹಿ ಬೇಕು, ಮಾದ್ಲಿ, ಶೇಂಗಾದ ಹೋಳಿಗಿ. ಮಾದ್ಲಿ ಮ್ಯಾಲ ಕೆಂಪು ಕುಡದ್ರ ಎರಡೂ ಕೆಟ್ಟವು ಅನ್ರಿ."

ನಮ್ಮವರು ಬೆರಗಾಗಿ ಕೇಳುತ್ತಿದ್ದರು. ಅಷ್ಟರಲ್ಲಿ ಚಕ್ಕಡಿಯಿಂದ ಗೌಡತಿ ಇಳಿದು ಬಂದರು. ಎರಡೂ ರಟ್ಟೆಗೆ ಬಟ್ಟೆ ಸುತ್ತಿಕೊಂಡಿದ್ದರು.

"ವೈದ್ಯರ, ನಿಮ್ಮ ಕೈಗುಣ ಭಾಳ ದೊಡ್ಡದ್ರಿ. ಇನ್ನ ಇವರ ಹಸಿವಿ ಹೋಗೂ ಔಷಧ ಇದ್ರ ಕೊಡ್ರಿ. ರೊಟ್ಟಿ ಬಡದು ಬಡದು ನನ್ನ ರಟ್ಟಿ ಬಿದ್ದು ಹೋದ್ವು!"

೩. ಎಲ್ಲಾ ವೈನೀದಽ

ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತಾರೆ. ಮೈದುನ ಕರೆದ, ಓಣಿ ಕಲಿಯಿತು. ಕೊನೆಗೆ ನಾನು ಊರಿಗೆಲ್ಲ ವೈನಿಯಾದೆ. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಯೊಬ್ಬರಿಗೆ ಇದು ತಿಳಿಯದು. ಅವರು ಒಮ್ಮೆ ಕೆಮ್ಮುತ್ತಾ ಬಂದು, ನಮ್ಮ ಕಟ್ಟೆಯ ಮೇಲೆ ಕೂತಿದ್ದ ರೋಗಿಯೊಬ್ಬನನ್ನು ಕೇಳಿದರು.

"ಏನಪ್ಪಾ, ವೈದ್ಯರು ಔಷಧಿ ಚೆನ್ನಾಗಿ ಕೊಡ್ತಾರಾ?"

"ವೈದ್ಯರು ಬರೇ ಕೈ ಹಿಡೀತಾರ್ರಿ. ಉಳದದ್ದು ಎಲ್ಲಾ ವೈನೀದಽ."

"ವೈನಾ?"

"ಹೌದ್ರಿ. ಈ ದವಾಖಾನಿ ನಡಿಯೂದಽ ವೈನಿ ಮ್ಯಾಲ. ನಮ್ಮವ್ವಗ ಎದ್ದು ಕುಂದ್ರಾಕ ಆಗತಿದ್ದಿಲ್ಲ. ರಾತ್ರಿ ವೈನಿ ಮನಿಗೆ ಬಂತು ನೋಡ್ರಿ, ಮುಂಜಾನಿ ಅವ್ವ ಎದ್ದು ಕಸಾ ಹೊಡದ್ಲು."

ಸಾಹೇಬರು ಹೆದರಿ ಒಳಗೆ ಬಂದರು. "ಸ್ವಾಮಿ, ನಂಗೆ ಬರೀ ಕೆಮ್ಮು. ಅದಕ್ಕೂ ವೈನೇನಾ?"

"ಹೌದ್ರಿ, ಅದಕ್ಕೂ ವೈನಿನಽ," ಎಂದು ನಮ್ಮವರು ಒಳಗೆ ಕೂಗು ಹಾಕಿದರು. ನಾನು ಬಾಟಲಿ ಹಿಡಿದು ಹೊರಗೆ ಬಂದೆ. ಹಿಂದೆಯೇ ಬಂದಿದ್ದ ಆ ರೋಗಿ ಖುಷಿಯಿಂದ, "ಬಂತು ನೋಡ್ರಿ ನಮ್ಮ ವೈನಿ!" ಎಂದ.

ಸಾಹೇಬರು ಎದ್ದು ನಿಂತು ಕೈಮುಗಿದರು. ನನಗೋ, ಬಾಟಲಿಗೋ, ಗೊತ್ತಾಗಲಿಲ್ಲ.

೪. ಸಿಹಿ ರಕ್ತ

ನನ್ನ ತವರು ಮುದ್ದೇಬಿಹಾಳ. ಅಪ್ಪನಿಗೆಂದು ಒಂದು ಬಾಟಲಿ ಕೆಂಪು ಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದ್ದೆ. ಬಿಸಿಲು, ಧೂಳು, ಕುಲುಕಾಟ. ಮನಗೂಳಿ ದಾಟಿದ್ದೇ ತಡ, ಬೂಚು ಢಬ್ ಎಂದು ಹಾರಿತು. ಡ್ರೈವರ್ ಟಾಯರು ಒಡೆಯಿತೆಂದು ಗಾಡಿ ನಿಲ್ಲಿಸಿ ಕೆಳಗೆ ಹಾರಿದ.

ನನ್ನ ಮುಂದಿನ ಸೀಟಿನಲ್ಲಿ ಹೂವಿನ ಹಿಪ್ಪರಗಿಯ ಮುದುಕರೊಬ್ಬರು ನಿದ್ದೆ ಹೋಗಿದ್ದರು. ಎಚ್ಚರಾಗಿ ನೋಡಿಕೊಂಡರೆ ಬಿಳಿ ಅಂಗಿಯೆಲ್ಲ ಕೆಂಪು.

"ಸತ್ನೆಪ್ಪೋ! ಯಾರೋ ಗುಂಡು ಹೊಡದ್ರು! ನನ್ನ ಹೊಲಾ ಇಬ್ಬರು ಮಕ್ಕಳಿಗೂ ಸಮ ಪಾಲು ಮಾಡ್ರಿ!"

ನನಗೆ ಬಾಯಿ ಬಿಡಲು ಭಯ. ದಾರೂಬಂದಿಯ ಕಾಲ, ಬಸ್ಸು ತುಂಬ ಜನ. ಕಂಡಕ್ಟರ್ ಓಡಿ ಬಂದು ಮುದುಕರ ಹೆಗಲು ಮುಟ್ಟಿ, ಬೆರಳು ಮೂಸಿ ನೋಡಿದ. ಆಮೇಲೆ ನೆಕ್ಕಿ ನೋಡಿದ. ಇನ್ನೊಮ್ಮೆ ಮುಟ್ಟಿ, ಇನ್ನೊಮ್ಮೆ ನೆಕ್ಕಿದ.

"ಯಜಮಾನ್ರ, ಗುಂಡಿನ ಮಾತು ಬಿಡ್ರಿ," ಎಂದ. "ನಿಮ್ಮ ರಕ್ತ ಭಾಳ ಸಿಹಿ ಐತಿ. ಬಾಗೇವಾಡಿಯೊಳಗ ಇಳದು ಮೊದಲು ಸಕ್ಕರಿ ಬ್ಯಾನಿ ತೋರಿಸ್ಕೋರಿ!"

೫. ಪಂಚನಾಮೆ

ಒಂದು ಮಧ್ಯಾಹ್ನ ದಾರೂಬಂದಿ ಇನ್ಸ್‌ಪೆಕ್ಟರು ನಮ್ಮ ಮನೆಗೆ ಬಂದರು. ಪರ ಊರಿನವರು, ದೊಡ್ಡ ಮೀಸೆ. ಜೋಳದ ಕೋಣೆಯ ಬಾಗಿಲಲ್ಲಿ ನಿಂತು ಮೂಗರಳಿಸಿ, "ಇದು ದಾರೂ ವಾಸನಿ. ಭರಣಿ ಜಪ್ತಿ ಮಾಡ್ತೇನಿ," ಎಂದರು.

ನಮ್ಮವರು ಗ್ರಂಥ ತೋರಿಸಿದರು, ಸರಕಾರದ ಕಾಗದ ತೋರಿಸಿದರು. ಅವರು ಕೇಳಲಿಲ್ಲ. ಹೋಗುವುದು ಹನ್ನೊಂದು ಭರಣಿಯಷ್ಟೇ ಅಲ್ಲ, ವೈದ್ಯರ ಮನೆಯಲ್ಲಿ ದಾರೂ ಸಿಕ್ಕಿತೆಂದರೆ ಮುಂದೆ ಯಾರು ಕೈ ತೋರಿಸಲು ಬಂದಾರು?

ಪಂಚನಾಮೆಗೆ ಇಬ್ಬರು ಪಂಚರು ಬೇಕಲ್ಲ. ಎದುರು ಮನೆಯ ಸಾಲಿ ಮಾಸ್ತರರನ್ನೂ, ಮೂಲೆಯ ಅರಿವೆ ಅಂಗಡಿ ಸಾವಕಾರರನ್ನೂ ಕರೆಸಿದರು. ಇನ್ಸ್‌ಪೆಕ್ಟರು ಭರಣಿಯಿಂದ ಒಂದು ಬಟ್ಟಲು ಕೆಂಪು ತೆಗೆಸಿ ಮಾಸ್ತರರ ಮೂಗಿಗೆ ಹಿಡಿದರು.

"ಹೇಳ್ರಿ, ಇದು ದಾರೂ ವಾಸನಿ ಹೌದೋ ಅಲ್ಲೋ?"

ಮಾಸ್ತರರು ಯೋಚಿಸಿ ಕೇಳಿದರು: "ದಾರೂ ವಾಸನಿ ಹ್ಯಾಂಗಿರತೈತ್ರಿ, ಸಾಹೇಬ್ರ?"

"ಹೀಂಗಽ ಇರತೈತಿ!"

"ಇರಬಹುದ್ರಿ. ಆದ್ರ ನಾ ಗೊತ್ತೈತಿ ಅಂತ ಸಹಿ ಮಾಡಿದ್ರ, ಮಾಸ್ತರಗ ಹ್ಯಾಂಗ ಗೊತ್ತಾತು ಅಂತ ನಾಳೆ ಸಾಲಿಯೊಳಗ ಕೇಳ್ತಾರ್ರಿ."

ಸಾವಕಾರರು ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. "ನಮ್ಮ ಏಳು ತಲಿಯೊಳಗ ಯಾರೂ ಮೂಸಿ ನೋಡಿಲ್ರಿ."

ಇನ್ಸ್‌ಪೆಕ್ಟರು ಬೀದಿಯಿಂದ ಒಬ್ಬೊಬ್ಬರನ್ನೇ ಕರೆಸಿದರು. ಕಮ್ಮಾರ, ಟಾಂಗಾದವ, ಪೋಸ್ಟಿನವ, ಯಾರಿಗೂ ದಾರೂ ವಾಸನೆ ಗೊತ್ತಿಲ್ಲ. ಕೊನೆಗೆ, ಎರಡು ದಿನಕ್ಕೊಮ್ಮೆ ಬಾಜಾರಿನಲ್ಲಿ ಹಾಡುತ್ತಾ ಬೀಳುತ್ತಿದ್ದ ಒಬ್ಬನನ್ನು ಹಿಡಿದು ತಂದರು. ಅವ ಕಣ್ಣು ಮುಚ್ಚಿ ಬಟ್ಟಲನ್ನು ಮೂಸಿದ. ಉಸಿರು ಎಳೆದವನು ಬಿಡಲೇ ಇಲ್ಲ.

"ಗೊತ್ತಾಗವಲ್ದು ಸಾಹೇಬ್ರ. ಬಿಳೀದು ತರಸ್ರಿ."

ಬಿಳಿಯನ್ನೂ ಮೂಸಿದ. "ಇದು ಹಸರು ದ್ರಾಕ್ಷಿ. ಅದು ಕರಿ ದ್ರಾಕ್ಷಿ. ದಾರೂ ಅಂದ್ರೇನ್ರಿ?"

ಊರೇ ನಮ್ಮ ಅಂಗಳದಲ್ಲಿ ನೆರೆದಿತ್ತು. ಪಕ್ಕದ ಮನೆಯ ಆಯಿ, ಎಂಬತ್ತು ದಾಟಿದವರು, ಕಟ್ಟೆಯ ಮೇಲಿಂದ ಮೆಲ್ಲಗೆ ಕೇಳಿದರು: "ಯಪ್ಪಾ, ಇಷ್ಟು ದೊಡ್ಡ ಊರಾಗ ಯಾರಿಗೂ ಆ ವಾಸನಿ ಗೊತ್ತಿಲ್ಲ. ನಿನಗ ಹ್ಯಾಂಗ ಗೊತ್ತಾತೋ?"

ಇನ್ಸ್‌ಪೆಕ್ಟರು ಮೀಸೆ ಸವರಿಕೊಂಡರು, ಟೊಪ್ಪಿಗೆ ಸರಿ ಮಾಡಿಕೊಂಡರು, ಬೆವರು ಒರೆಸಿಕೊಂಡರು. ಆಮೇಲೆ ಕೂತು ತಾವೇ ಪಂಚನಾಮೆ ಬರೆದರು. ಮಾಸ್ತರರು ಅದನ್ನು ಎಲ್ಲರಿಗೂ ಕೇಳುವ ಹಾಗೆ ಓದಿ, ಸಾವಕಾರರ ಜೊತೆ ಸಂತೋಷದಿಂದ ಸಹಿ ಹಾಕಿದರು:

"ಸದರಿ ಪದಾರ್ಥಕ್ಕೆ ದ್ರಾಕ್ಷಿಯ ವಾಸನೆ ಇರುತ್ತದೆ. ದಾರೂ ವಾಸನೆ ಹೇಗಿರುತ್ತದೆಂಬುದು ಪಂಚರಿಗಾಗಲಿ, ಊರವರಿಗಾಗಲಿ, ಸ್ವತಃ ನಮಗಾಗಲಿ ತಿಳಿದಿರುವುದಿಲ್ಲ."