ಬೆಲ್ಲದ ಬಸುವಿನ ಏಳನೇ ಪುಸ್ತಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳ ಪ್ರತಿಯೊಂದು ಪ್ರಾಥಮಿಕ ಶಾಲೆಯಲ್ಲಿ ಕಡ್ಡಾಯವಾಗಿ ಒಬ್ಬ ಬಸು ಇರತಕ್ಕದ್ದು, ಅವನು ಶನಿವಾರದ ಬಿಡುವಿನಲ್ಲಿ ಬೇರೆ ಮಕ್ಕಳ ಡಬ್ಬಿಯೊಳಗಿನ ಮಿರ್ಚಿ ಬಜ್ಜಿಯನ್ನು ಕಿತ್ತುಕೊಂಡು ತಿನ್ನತಕ್ಕದ್ದು ಎಂಬುದು ಈಗ ಎಲ್ಲರೂ ಒಪ್ಪಿ ನಡೆಸಿಕೊಂಡು ಬರುತ್ತಿರುವ ಕ್ರಮ. ಇದು ಹೇಗೆ ಜಾರಿಗೆ ಬಂತು ಎಂದು ಹೊರಗಿನಿಂದ ಬಂದವರು ಕೇಳುವುದುಂಟು. ದೈವೇಚ್ಛೆಯಿಂದ ಬಂತು. ಆದರೆ ದೈವೇಚ್ಛೆ ನೆರವೇರಬೇಕಾದರೂ ನಮ್ಮ ಕಡೆ ಒಂದು ಸಮಿತಿ ಬೇಕಾಗುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುವುದು ಒಳ್ಳೆಯದು.

ಕೂಡ್ಲಿಗಿಯ ಶಾಲೆಯೊಂದರಲ್ಲಿ ಗೀತಮ್ಮ ಎಂಬ ಟೀಚರು ಇದ್ದಾರೆ. ಬೆಳಿಗ್ಗೆ ದೀಪ ಹಚ್ಚದೆ ಬಾಯಿಗೆ ಚಹಾ ಮುಟ್ಟಿಸಿದವರಲ್ಲ, ಯಾರನ್ನೂ ಏರುದನಿಯಲ್ಲಿ ಬೈದವರಲ್ಲ. ಅವರ ಒಬ್ಬಳೇ ಮಗಳು ಕೋಮಲಾ ಅದೇ ಶಾಲೆಯಲ್ಲಿ ನಾಲ್ಕನೇ ತರಗತಿ. ಶನಿವಾರ ಬೆಳಗಿನ ಶಾಲೆ. ಮಕ್ಕಳು ಮನೆಯಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರುತ್ತಾರೆ. ಕೋಮಲಾಳ ಡಬ್ಬಿಯ ಮುಚ್ಚಳ ತೆಗೆಯುವುದೇ ತಡ, ಲಾರಿ ಮಾಲೀಕರಾದ ಬೆನಕಪ್ಪನವರ ಮಗ ಲೋಹಿತ ಬಂದು ಕೈ ಹಾಕುತ್ತಿದ್ದ. ಹುಡುಗಿ ತಲೆ ತಗ್ಗಿಸಿ ಡಬ್ಬಿಯನ್ನು ಅವನ ಕಡೆಗೆ ಸರಿಸುತ್ತಿದ್ದಳು.

ದೂರು ಕೊಡುವುದು ಗೀತಮ್ಮನವರ ಸ್ವಭಾವದಲ್ಲಿ ಇರಲಿಲ್ಲ. ಬೆನಕಪ್ಪನವರು ಶಾಲೆಗೆ ಗೇಟು ಮಾಡಿಸಿಕೊಟ್ಟವರು. ಹೀಗಾಗಿ ಗೀತಮ್ಮ ದೇವರ ಮೇಲೆ ಭಾರ ಹಾಕಿ ಒಂದು ಮಕ್ಕಳ ಕತೆ ಬರೆದರು. ಅದರಲ್ಲಿ ಬೆಲ್ಲದ ಬಸು ಎಂಬ ಸಾವುಕಾರರ ಮಗ. ಮನೆಯಲ್ಲಿ ಅವನು ಅತ್ತರೆ ಬೆಲ್ಲ ಕೊಡುತ್ತಾರೆ, ಹೊಡೆದರೂ ಬೆಲ್ಲ ಕೊಡುತ್ತಾರೆ. ಶಾಲೆಗೆ ಕಾರಿನಲ್ಲಿ ಬರುತ್ತಾನೆ, ಕಾರಿನಿಂದ ತರಗತಿಯವರೆಗೆ ಅವನ ಬ್ಯಾಗನ್ನು ಕೆಂಚಿ ಎಂಬ ಹುಡುಗಿ ಹೊರಬೇಕು, ಹೊತ್ತ ಮೇಲೆ ತನ್ನ ಮಿರ್ಚಿಯನ್ನೂ ಕೊಡಬೇಕು. ಓದಿದ ಮಕ್ಕಳಿಗೆ ಇಂಥವನಾಗಬಾರದು ಎಂಬ ಬುದ್ಧಿ ಬರಲಿ ಎಂಬುದೊಂದೇ ಅವರ ಹಾರೈಕೆ. ಕೊಟ್ಟೂರಿನ ಪ್ರೆಸ್ಸಿನಲ್ಲಿ ಅಚ್ಚಾದ ಪುಸ್ತಕವನ್ನು ಮಕ್ಕಳು ಹರಿಯುವಷ್ಟು ಓದಿದರು. ಒಂದಾದ ಮೇಲೊಂದು ಆರು ಪುಸ್ತಕಗಳು ಬಂದವು.

ಆರನೆಯದನ್ನು ಮುಗಿಸಿದ ದಿನ ಕೋಮಲಾ ಅಡುಗೆ ಮನೆಯ ಹೊಸ್ತಿಲ ಮೇಲೆ ಬಂದು ಕೂತಳು.

"ಅವ್ವಾ, ಕೆಂಚಿ ಯಾವಾಗ 'ಕೊಡಂಗಿಲ್ಲ' ಅಂತಾಳ?"

"ಏಳನೇದ್ರಾಗ ಅಂತಾಳವ್ವ."

"ಖರೇನ?"

"ದೇವ್ರ ಮುಂದ ದೀಪ ಹಚ್ಚಿ ಬರಿಯಾಕಿ ನಾನು, ಸುಳ್ಳು ಹೇಳ್ತೀನೇನು?"

"ಹಂಗಾರ ಆಕಿ ಅಂದ್ಮ್ಯಾಲ ನಾನೂ ಅಂತೀನಿ," ಎಂದಳು ಕೋಮಲಾ.

ಗೀತಮ್ಮನವರಿಗೆ ಆವತ್ತಿನಿಂದ ಏಳನೇ ಪುಸ್ತಕವೆಂದರೆ ಆ ಒಂದು ಮಾತೇ ಆಯಿತು.

ಇಷ್ಟರಲ್ಲಿ ಐದು ತಾಲ್ಲೂಕು ಮಕ್ಕಳ ಸಾಹಿತ್ಯ ಸಮನ್ವಯ ಸಮಿತಿಯವರು ಪುಸ್ತಕಗಳನ್ನು ಎಲ್ಲ ಶಾಲೆಗಳಿಗೂ ಹಂಚಲು ತೀರ್ಮಾನಿಸಿದರು. ಸಮಿತಿಯ ಅಧ್ಯಕ್ಷರು ನಾಗೇಂದ್ರಪ್ಪನವರು. ನಿವೃತ್ತ ಅಧಿಕಾರಿಗಳು, ಸಾತ್ವಿಕರು, ಯಾವ ವಿಷಯದಲ್ಲೂ ತಮ್ಮದೆಂಬ ಅಭಿಪ್ರಾಯ ಇಟ್ಟುಕೊಂಡವರಲ್ಲ. ಪುಸ್ತಕ ಹಂಚಿದ ತಿಂಗಳಲ್ಲೇ ಬೆನಕಪ್ಪನವರ ಜೀಪು ಗೀತಮ್ಮನವರ ಮನೆ ಮುಂದೆ ನಿಂತಿತು. ಗೀತಮ್ಮ ದೇವರನ್ನು ನೆನೆಯುತ್ತ ಬಾಗಿಲಿಗೆ ಬಂದರು. ಬೆನಕಪ್ಪನವರು ಮಾತ್ರ ಹಣ್ಣಿನ ತಟ್ಟೆ ಹಿಡಿದುಕೊಂಡು ಇಳಿದರು.

"ಟೀಚರಮ್ಮಾರೆ, ಬಸು ಅಂದ್ರ ನಮ್ಮ ಲೋಹಿತ ಅಲ್ಲೇನ್ರಿ?"

"ಹಂಗೇನಿಲ್ರಿ, ಅದು ಬರೇ ಕಲ್ಪನಾ."

"ಯಾಕ ಮುಚ್ಚಿಡ್ತೀರಿ? ಬ್ಯಾಗ್ ಹೊರಿಸಿದ್ದು, ಮಾಸ್ತರ ಕುರ್ಚಿ ಮ್ಯಾಲ ಕುಂತಿದ್ದು, ಎಲ್ಲಾ ನಮ್ಮ ಹುಡುಗಂದ ಐತಿ. ಓದಿ ಅವ್ರವ್ವ ಕಣ್ಣಾಗ ನೀರು ತಂದ್ಕೊಂಡ್ಲು, ನನ್ ಮಗ ಪುಸ್ತಕದಾಗ ಬಂದಾನ ಅಂತ. ಒಂದೇ ಬ್ಯಾಸರ ನೋಡ್ರಿ. ನಾಕನೇ ಪುಸ್ತಕದಾಗ ಎರಡು ಮಿರ್ಚಿ ತಿಂದ ಅಂತ ಬರದೀರಿ. ನಮ್ಮ ಹುಡುಗ ಐದು ತಿಂತಾನ್ರಿ."

ಸಂತೋಷವು ಒಬ್ಬರಲ್ಲೇ ನಿಲ್ಲುವಂಥದ್ದಲ್ಲ. ಹಡಗಲಿಯಿಂದ ಮಲ್ಲಿಗೆ ಹೂವಿನ ಸಗಟು ವ್ಯಾಪಾರಿಯೊಬ್ಬರು ಬಂದು ಬಸು ತಮ್ಮ ಮಗನೇ ಎಂದರು. ಸಾಕ್ಷಿಗೆ ಶಾಲೆಯವರು ಕೊಟ್ಟಿದ್ದ ಎಚ್ಚರಿಕೆ ಪತ್ರಗಳನ್ನು ಲ್ಯಾಮಿನೇಶನ್ ಮಾಡಿಸಿ ತಂದಿದ್ದರು. ಕೊಟ್ಟೂರಿನ ಮಂಡಕ್ಕಿ ಭಟ್ಟಿಯವರು ತಮ್ಮ ಮಗನಿಂದ ಪೆಟ್ಟು ತಿಂದ ಹುಡುಗನನ್ನೇ ಕರೆದುಕೊಂಡು ಬಂದು, ಹೇಳಪ್ಪ ಹೆಂಗ ಹೊಡಿತಾನ ಹೇಳು ಎಂದು ಪ್ರೀತಿಯಿಂದ ಬೆನ್ನು ಸವರಿದರು. ಹಗರಿಬೊಮ್ಮನಹಳ್ಳಿಯ ಅಕ್ಕಿ ಗಿರಣಿಯವರೂ ಹರಪನಹಳ್ಳಿಯ ಗುತ್ತಿಗೆದಾರರೂ ಹಿಂದೆ ಬೀಳಲಿಲ್ಲ. ತನ್ನ ಮಗ ಅಂಥವನಲ್ಲ ಎಂದು ಹೇಳಲು ಐದು ತಾಲ್ಲೂಕಿನಿಂದ ಒಬ್ಬರೂ ಬರಲಿಲ್ಲ. ಗೀತಮ್ಮ ಎಲ್ಲರಿಗೂ ಚಹಾ ಕೊಟ್ಟು ಕಳಿಸಿದರು.

ವಿಷಯ ಸಮಿತಿಯ ಮುಂದೆ ಬಂತು. ನಾಗೇಂದ್ರಪ್ಪನವರು ಒಂದು ಗಳಿಗೆ ಕಣ್ಣು ಮುಚ್ಚಿ, ಒಬ್ಬನೇ ಭಗವಂತ ಊರೂರಿಗೆ ಬೇರೆ ಬೇರೆ ಗುಡಿಯಲ್ಲಿ ಕೂತಿಲ್ಲವೇ, ಅದರಂತೆ ಬಸುವೂ ತಾಲ್ಲೂಕಿಗೊಬ್ಬ ಎಂದು ಅಪ್ಪಣೆ ಕೊಡಿಸಿದರು. ಐವರು ಬಾಲಕರಿಗೂ ಶಾಲು ಹೊದಿಸಿ, ಪೇಟ ತೊಡಿಸಿ ಸನ್ಮಾನ ನಡೆಯಿತು. ವೇದಿಕೆಯ ಮೇಲೆ ಬಾಲಕರು ಪರಸ್ಪರ ಪೇಟ ಕಿತ್ತುಕೊಂಡು ಹೊಡೆದಾಡತೊಡಗಿದಾಗ, ಇದು ಪ್ರತಿಭಾ ಪ್ರದರ್ಶನವೆಂದೂ ಸಭಿಕರು ಶಾಂತ ರೀತಿಯಿಂದ ವೀಕ್ಷಿಸಬೇಕೆಂದೂ ನಿರೂಪಕರು ವಿನಂತಿಸಿದರು.

ಇದಾದ ಮೇಲೆ ಹರಪನಹಳ್ಳಿ ಕಡೆಯ ತೆಲಿಗಿಯ ಒಂದು ಶಾಲೆಯಿಂದ ಮನವಿ ಬಂತು. ನಮ್ಮ ಮಕ್ಕಳು ಆರೂ ಪುಸ್ತಕ ಓದಿದ್ದಾರೆ, ಆದರೆ ನಮ್ಮಲ್ಲಿ ಬಸು ಇಲ್ಲ, ಬೇರೆ ಶಾಲೆಗಳಿಗಿರುವ ಸೌಲಭ್ಯ ನಮಗೇಕಿಲ್ಲ ಎಂದು ಪಾಲಕರು ಕೇಳುತ್ತಿದ್ದಾರೆ, ದಯಮಾಡಿ ಒಬ್ಬನನ್ನು ಮಂಜೂರು ಮಾಡಬೇಕು. ಬೇಡಿಕೆ ನ್ಯಾಯವಾಗಿತ್ತು. ಸಮಿತಿಯು ಪ್ರಕಟಣೆ ಹೊರಡಿಸಿತು: "ಪ್ರತಿ ಶಾಲೆಗೆ ಒಬ್ಬ ಬಸುವನ್ನು ನೇಮಿಸತಕ್ಕದ್ದು. ಅಭ್ಯರ್ಥಿಯ ತಂದೆಯು ನಾಲ್ಕು ಚಕ್ರದ ವಾಹನ ಹೊಂದಿರತಕ್ಕದ್ದು. ಅಭ್ಯರ್ಥಿಗೆ ಮನೆಯಲ್ಲಿ ಯಾವತ್ತೂ 'ಬೇಡ' ಎಂದು ಹೇಳಿಲ್ಲವೆಂದು ಅಜ್ಜ ಅಥವಾ ಅಜ್ಜಿ ದೃಢೀಕರಿಸತಕ್ಕದ್ದು. ಪೆಟ್ಟು ತಿಂದ ಮಕ್ಕಳಿಗೆ ಸಹನಾ ಪ್ರಮಾಣಪತ್ರ ನೀಡಲಾಗುವುದು."

ಅರ್ಹರು ಸಿಗದ ಕಡೆ ಇದ್ದವರಲ್ಲೇ ಒಬ್ಬನನ್ನು ಪ್ರಭಾರ ಬಸು ಎಂದು ನೇಮಿಸಿಕೊಂಡರು. ತೆಲಿಗಿಗೆ ಸಿಕ್ಕವನು ಕುರಿ ಕಾಯುವವರ ಮನೆಯ ಮೆತ್ತನೆ ಹುಡುಗ. ಅವನು ಮಿರ್ಚಿ ಕಿತ್ತುಕೊಂಡು ಅತ್ತುಬಿಟ್ಟು, ಅರ್ಧ ಮುರಿದು ವಾಪಸು ಕೊಟ್ಟನಂತೆ. ಕರ್ತವ್ಯಲೋಪಕ್ಕಾಗಿ ಅವನಿಗೆ ನೋಟಿಸು ಹೋಯಿತು. ಸಹನಾ ಪ್ರಮಾಣಪತ್ರಕ್ಕೆ ಮಾತ್ರ ಬಹಳ ಬೇಡಿಕೆ ಬಂತು. ಮುಂದೆ ಹಾಸ್ಟೆಲ್ಲಿಗೆ ಅನುಕೂಲವಾದೀತೆಂದು ತಾಯಂದಿರು ಮಕ್ಕಳ ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿ, ಬಸುವಿನ ಕೈಗೆ ಎಟುಕುವ ಹಾಗೆ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು.

ಗೀತಮ್ಮ ಇದನ್ನೆಲ್ಲ ನೋಡುತ್ತ ಏಳನೇ ಪುಸ್ತಕ ಬರೆದರು. ಕೊನೆಯಲ್ಲಿ ಕೆಂಚಿ ಡಬ್ಬಿಯ ಮುಚ್ಚಳ ಹಾಕಿ, ಬಸುವಿನ ಮುಖ ನೋಡಿ, "ಕೊಡಂಗಿಲ್ಲ" ಎನ್ನುತ್ತಾಳೆ. ಅಷ್ಟೇ. ಹೊಡೆತವಿಲ್ಲ, ಬೈಗುಳವಿಲ್ಲ. ಓದಿದ ಸಮಿತಿ ದಿಗಿಲುಗೊಂಡಿತು. ಎಲ್ಲರ ಮುಂದೆ ಒಂದು ಹುಡುಗಿ ಹಾಗೆ ಅಂದುಬಿಟ್ಟರೆ ಬಸುವಿನ ಮನಸ್ಸಿಗೆ ಹೇಗಾಗಬೇಡ ಎಂದು ಬೆನಕಪ್ಪನವರು ಕೇಳಿದಾಗ ಅವರ ದನಿ ನಡುಗಿತು. ಇತರ ನಾಲ್ವರು ತಂದೆಯರೂ ತಲೆದೂಗಿದರು. ಮುದ್ರಣ ಈಗ ಈ ಐವರ ಸೇವೆಯಾಗಿ ನಡೆಯುತ್ತಿತ್ತು, ಐವರೂ ಸಮಿತಿಯ ಸದಸ್ಯರಾಗಿದ್ದರು. ನಾಗೇಂದ್ರಪ್ಪನವರಿಗೆ ಎಂದಿನಂತೆ ಯಾವ ಅಭಿಪ್ರಾಯವೂ ಇರಲಿಲ್ಲವಾದ್ದರಿಂದ, ಊರ ಹೊರಗಿನ ದುರುಗಮ್ಮನ ಹತ್ತಿರ ಹೂವು ಕೇಳೋಣ ಎಂದರು.

ಗೀತಮ್ಮನವರಿಗೆ ಜೀವ ಬಂದಂತಾಯಿತು. ಮನುಷ್ಯರು ಏನೇ ಅನ್ನಲಿ, ಅಮ್ಮನ ಹತ್ತಿರ ಮೋಸವಿಲ್ಲ. ನಮ್ಮ ಕಡೆ ಮದುವೆಯಿಂದ ಬಾವಿಯವರೆಗೆ ಎಲ್ಲದಕ್ಕೂ ಹೂವು ಕೇಳುತ್ತಾರೆ: ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾರೆ, ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಪೂಜಾರಿ ಚೌಡಣ್ಣ ಹಡಗಲಿ ಮಲ್ಲಿಗೆ ಅಂಟಿಸಿ, ಕೆಂಚಿ ಆ ಮಾತು ಅನ್ನಬಹುದೇ ತಾಯಿ ಎಂದು ಕೇಳಿ, ಮಂಗಳಾರತಿ ಎತ್ತಿದ. ಗೀತಮ್ಮ ಸೆರಗು ಒಡ್ಡಿ ನಿಂತಿದ್ದರು. ಗಂಟೆ ನಿಂತಿತು. ಅಮ್ಮನ ಬಲಭುಜದ ಹೂವು ಮೆಲ್ಲಗೆ ಜಾರಿ ಪಾದದ ಮೇಲೆ ಬಿತ್ತು.

ಎಲ್ಲರೂ ಕೆನ್ನೆ ಬಡಿದುಕೊಂಡರು. ಆಮೇಲೆ ಬೆನಕಪ್ಪನವರು, ಗರ್ಭಗುಡಿಗೆ ಎದುರಾಗಿ ನಿಂತವರು, ತಮ್ಮ ಎರಡೂ ಕೈ ನೋಡಿಕೊಂಡರು.

"ನನಗಿದು ಎಡಗಡಿ ಬೀಳ್ತತಲ್ರಿ."

"ಅಮ್ಮನ ಬಲಗಡಿ ಲೆಕ್ಕ ರೀ," ಎಂದ ಚೌಡಣ್ಣ.

"ಇರಪ್ಪ ಚೌಡಣ್ಣ," ಎಂದರು ನಾಗೇಂದ್ರಪ್ಪನವರು. "ಅಮ್ಮ ಸಮಿತಿ ಸದಸ್ಯಳಲ್ಲ. ಹಾಜರಿದ್ದ ಸದಸ್ಯರಿಗೆ ಯಾವುದು ಬಲವೋ ಅದನ್ನ ನಡವಳಿಗೆ ತಗೋಬೇಕಾಗ್ತತಿ."

ಹಾಜರಿದ್ದ ಸದಸ್ಯರೆಲ್ಲರೂ ಗರ್ಭಗುಡಿಗೆ ಎದುರಾಗಿಯೇ ನಿಂತಿದ್ದರು. ದೇವಿಯು ಪ್ರಸ್ತಾಪವನ್ನು ಸರ್ವಾನುಮತದಿಂದ ತಿರಸ್ಕರಿಸಿದಳು ಎಂದು ತೀರ್ಮಾನವಾಯಿತು. ದುರುಗಮ್ಮ ಆಕ್ಷೇಪಣೆ ಎತ್ತಲಿಲ್ಲ. ತಾಯಿಯ ಸಹನೆ ದೊಡ್ಡದು.

ಏಳನೇ ಪುಸ್ತಕ ಅಚ್ಚಾಗಿ ಬಂದಾಗ ಕೊನೆಯ ಪುಟದಲ್ಲಿ ಕೆಂಚಿ ಐದು ಮಿರ್ಚಿ ಕೊಟ್ಟು "ಧನ್ಯವಾದ ಬಸು" ಎಂದಿದ್ದಳು. ಕೋಮಲಾ ಆ ಪುಟವನ್ನು ಓದಿ, ಮತ್ತೆ ಓದಿ, ಪುಸ್ತಕವನ್ನು ತಾಯಿಯ ಮುಂದೆ ಇಟ್ಟಳು. ಮಗಳ ಮುಖ ನೋಡುವ ಧೈರ್ಯ ಗೀತಮ್ಮನವರಿಗೆ ಆಗಲಿಲ್ಲ. ಆದರೂ ನಡೆದದ್ದನ್ನು ಹೇಳಿದರು.

"ಅಂದ್ರ ಅಮ್ಮ ಹೂವು ಕೊಟ್ಟಾಳ?" ಎಂದಳು ಕೋಮಲಾ.

"ಕೊಟ್ಟಾಳವ್ವ. ನಾನು ಕಣ್ಣಾರೆ ನೋಡೀನಿ."

ಮುಂದಿನ ಶನಿವಾರ ಲೋಹಿತ ಎದೆಗೆ ಸಮಿತಿ ಕೊಟ್ಟ ಬಸುವಿನ ಬಿಲ್ಲೆ ಹಾಕಿಕೊಂಡು ಬಂದು ಕೈ ಚಾಚಿದ. ಕೋಮಲಾ ಡಬ್ಬಿಯ ಮುಚ್ಚಳ ಹಾಕಿದಳು. ಅವನ ಮುಖ ನೋಡಿದಳು.

"ಕೊಡಂಗಿಲ್ಲ."

ಲೋಹಿತನ ಕೈ ಚಾಚಿದ್ದು ಚಾಚಿದ ಹಾಗೇ ಉಳಿಯಿತು. ಅವನಿಗೆ ಏಳೂ ಪುಸ್ತಕ ಬಾಯಿಪಾಠ ಬರುತ್ತಿತ್ತು. ಇದರ ಮುಂದಿನ ಸಾಲು ಯಾವುದರಲ್ಲೂ ಇರಲಿಲ್ಲ. "ಹಂಗನ್ನಂಗಿಲ್ಲಲೇ," ಎಂದ. ಆಮೇಲೆ ಗೋಡೆಯ ಕಡೆ ತಿರುಗಿ ಅತ್ತ. ಕೋಮಲಾ ತನ್ನ ಮಿರ್ಚಿಯನ್ನು ತಾನೇ ತಿಂದಳು. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು, ಅವಳಿಗೆ ಅಭ್ಯಾಸವಿರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದ ಗೀತಮ್ಮ ಅಲ್ಲಿಂದಲೇ ದುರುಗಮ್ಮನ ಗುಡಿಯ ದಿಕ್ಕಿಗೆ ಕೈ ಮುಗಿದರು.

ಸಮಿತಿಯ ತುರ್ತು ಸಭೆ ಸೇರಿತು. ಎಲ್ಲರೂ ಬೆನಕಪ್ಪನವರು ಸಿಟ್ಟಾಗುತ್ತಾರೆಂದು ಭಾವಿಸಿದ್ದರು. ಆದರೆ ಅವರ ಮನಸ್ಸು ಹಣ್ಣಾಗಿತ್ತು. ಹುಡುಗಿ ಅಂದದ್ದು ತಪ್ಪಲ್ಲ, ಹೇಳದೆ ಕೇಳದೆ ಅಂದದ್ದು ತಪ್ಪು ಎಂದರು. ನಾಗೇಂದ್ರಪ್ಪನವರಿಗೆ ಈ ಮಾತಿನಲ್ಲಿ ದೇವರ ದನಿ ಕೇಳಿಸಿತು. ಯಾರ ಹಕ್ಕನ್ನೂ ಕಸಿಯಬಾರದು. ಆದ್ದರಿಂದ ವರ್ಷಕ್ಕೊಮ್ಮೆ ನಿರಾಕರಣಾ ದಿನ ಆಚರಿಸತಕ್ಕದ್ದು, ನಿರಾಕರಿಸಲು ಇಚ್ಛಿಸುವ ಮಕ್ಕಳು ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು, ತಾಲ್ಲೂಕಿಗೆ ಒಬ್ಬರಿಗೆ ಮಾತ್ರ ಅವಕಾಶ, ಮಾತು ವಿನಯಪೂರ್ವಕವಾಗಿರತಕ್ಕದ್ದು. ಶಾಮಿಯಾನದ ಸೇವೆ ಬೆನಕಪ್ಪನವರದು.

ಗೀತಮ್ಮ ಅರ್ಜಿ ಬರೆಯಲೋ ಬೇಡವೋ ಎಂದು ದೀಪದ ಮುಂದೆ ಬಹಳ ಹೊತ್ತು ಕೂತರು. ಕೊನೆಗೆ, ಆ ಮಾತು ಊರಿಗೆಲ್ಲ ಕೇಳಿಸುವುದಾದರೆ ಕೇಳಿಸಲಿ, ಅಮ್ಮ ಈ ದಾರಿಯನ್ನೇ ತೋರಿಸಿರಬೇಕು ಎಂದು ಬರೆದುಕೊಟ್ಟರು. ಕೂಡ್ಲಿಗಿ ತಾಲ್ಲೂಕಿಗೆ ಕೋಮಲಾ ಆಯ್ಕೆಯಾದಳು.

ನಿರಾಕರಣಾ ದಿನದಂದು ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ ಎಲ್ಲ ಕ್ರಮವಾಗಿ ನಡೆದವು. ಲೋಹಿತ ಜರಿ ಪೇಟ ಸುತ್ತಿಕೊಂಡು ಕೈ ಚಾಚಿದ. ಕೋಮಲಾ ಡಬ್ಬಿ ಹಿಡಿದುಕೊಂಡು ಮೈಕಿನ ಮುಂದೆ ಬಂದು, ವಿನಯಪೂರ್ವಕವಾಗಿ, "ಕೊಡಂಗಿಲ್ಲ" ಎಂದಳು. ಚಪ್ಪಾಳೆ ಶಾಮಿಯಾನ ಎತ್ತಿಬಿಡುವಂತೆ ಬಿತ್ತು. ಹಿಂದಿನ ಸಾಲಿನ ಮುದುಕಿಯರು ಕಣ್ಣೊರೆಸಿಕೊಂಡರು. ಬೆನಕಪ್ಪನವರು ಎದ್ದು ನಿಂತು ಕೈ ಮುಗಿದರು. ಕಾರ್ಯಕ್ರಮದ ಮುಂದಿನ ಅಂಗವಾಗಿ ಮಿರ್ಚಿ ಹಸ್ತಾಂತರ ಎಂದು ನಿರೂಪಕರು ಘೋಷಿಸಿದರು.

ಕೋಮಲಾ ತಾಯಿಯ ಕಡೆ ನೋಡಿದಳು. ಗೀತಮ್ಮ ಮುಂದಿನ ಸಾಲಿನಲ್ಲಿ, ಸಮಿತಿಯವರು ಹೊದಿಸಿದ ಶಾಲು ಹೊದ್ದುಕೊಂಡು, ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಕೋಮಲಾ ಡಬ್ಬಿ ಕೊಟ್ಟಳು. ಲೋಹಿತ ಐದೂ ತಿಂದ. ಅವನ ತಾಯಿ ನೀರು ಕುಡಿಸಿದಳು.

ತಾಯಿ ಮಗಳು ಮನೆಯ ದಾರಿ ಹಿಡಿದರು. ಬಸ್‌ಸ್ಟ್ಯಾಂಡ್ ದಾಟಿದ ಮೇಲೆ ಕೋಮಲಾ ಖಾಲಿ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡಳು.

"ಅವ್ವಾ, ಮುಂದಿನ ವರ್ಷಕ್ಕ ಈಗ್ಲೇ ಅರ್ಜಿ ಹಾಕಿಬಿಡು. ನಮ್ಮ ಕ್ಲಾಸಿನ ಹುಡುಗೇರೆಲ್ಲಾ ಹಾಕ್ತಾರಂತ."

"ಹಾಕ್ತೀನವ್ವ," ಎಂದರು ಗೀತಮ್ಮ. "ನಾಳಿ ಸೋಮವಾರ, ಒಳ್ಳೇ ದಿನ ಐತಿ."