ಬ್ರೇಕ್ ಮೇಷ್ಟ್ರ ಗಂಟಲು

ಟಾನ್ಸಿಲ್ ಎಂಬುದು ಮಕ್ಕಳ ಸ್ವತ್ತು. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಅದು ಊದಿಕೊಳ್ಳಬೇಕು, ಡಾಕ್ಟರು ತೆಗೆದುಹಾಕಬೇಕು, ಐಸ್‌ಕ್ರೀಂ ಕೊಡಿಸಿ ಮಗುವನ್ನು ಸಮಾಧಾನ ಮಾಡಬೇಕು. ಇದು ಲೋಕರೂಢಿ. ಅದು ಬಿಟ್ಟು, ತಲೆ ಅರ್ಧ ನರೆತ, ತುಂಬು ಮೀಸೆಯ, ಊರಿನ ಮುಕ್ಕಾಲು ಪಾಲು ಜನಕ್ಕೆ ಕಾರು ಓಡಿಸಲು ಕಲಿಸಿದ ಗಂಡಸೊಬ್ಬ ಟಾನ್ಸಿಲ್ ತೆಗೆಸಿಕೊಳ್ಳಬೇಕು ಎಂದರೆ ಮಾನ ಮರ್ಯಾದೆಯ ಪ್ರಶ್ನೆ ಬರುತ್ತದೆ. ಬ್ರೇಕ್ ಮೇಷ್ಟ್ರು ವರ್ಷಗಟ್ಟಲೆ ಉಪ್ಪುನೀರು ಮುಕ್ಕಳಿಸಿ ಆ ಮರ್ಯಾದೆಯನ್ನು ಹೇಗೋ ಉಳಿಸಿಕೊಂಡು ಬಂದಿದ್ದರು.

ಕೊನೆಗೆ ಡಾಕ್ಟರು ಟಾರ್ಚು ಬಿಟ್ಟು ಗಂಟಲೊಳಗೆ ಇಣುಕಿ, "ಹೀಗೇ ಬಿಟ್ರೆ ನಿಮ್ಮ ಧ್ವನಿಗೇ ಸಂಚಕಾರ" ಎಂದುಬಿಟ್ಟರು. ಮೇಷ್ಟ್ರು ಅಲ್ಲೇ ಆಪರೇಷನ್ನಿಗೆ ಒಪ್ಪಿಕೊಂಡರು.

ಯಾಕೆಂದರೆ ಅವರ ಡ್ರೈವಿಂಗ್ ಶಾಲೆ ಪೆಟ್ರೋಲಿನಿಂದ ನಡೆಯುತ್ತಿತ್ತು ಎಂಬುದು ಜನರ ತಪ್ಪು ಕಲ್ಪನೆ. ಅದು ನಡೆಯುತ್ತಿದ್ದುದು ಅವರ ಗಂಟಲಿನಿಂದ. ಶಾಲೆಯ ಕಾರಿನಲ್ಲಿ ಮೇಷ್ಟ್ರ ಕಾಲ ಬಳಿಯೂ ಒಂದು ಬ್ರೇಕ್ ಇತ್ತು, ಇಲ್ಲವೆಂದಲ್ಲ. ಆದರೆ ಅದನ್ನು ತುಳಿಯುವುದು ಕೈಲಾಗದವರ ಕೆಲಸ ಎಂದು ಅವರ ಅಭಿಪ್ರಾಯ. "ಬ್ರೇಕ್" ಎಂದು ಅವರು ಒಮ್ಮೆ ಗರ್ಜಿಸಿದರೆ ಸಾಕು, ಕಲಿಯುವವರ ಕಾಲು ತಲೆಯನ್ನು ಕೇಳದೆಯೇ ಪೆಡಲಿನ ಮೇಲೆ ಬೀಳುತ್ತಿತ್ತು. ಆ ಹೆಸರು ಬಂದದ್ದೂ ಹಾಗೆಯೇ. (ನಿಜವಾದ ಹೆಸರು ಮನೆಯ ಬಾಗಿಲ ಫಲಕದ ಮೇಲಿತ್ತು. ಅದನ್ನು ಓದಿದವರು ವಿಳಾಸ ತಪ್ಪಿತೆಂದು ವಾಪಸು ಹೋಗುತ್ತಿದ್ದರು.)

ಅವರ ಶಿಷ್ಯರೆಲ್ಲ ಲೈಸೆನ್ಸಿನ ಪರೀಕ್ಷೆಯಲ್ಲಿ ಮೂರು ಸಲವಾದರೂ ಡುಮ್ಕಿ ಹೊಡೆಯುತ್ತಿದ್ದರು. ಅದಕ್ಕೆ ಪರೀಕ್ಷೆ ಮಾಡುವ ಅಧಿಕಾರಿಯೇ ಕಾರಣ ಎಂದು ಮೇಷ್ಟ್ರು ನಂಬಿದ್ದರು. ಆ ಮನುಷ್ಯ ಪಕ್ಕದಲ್ಲಿ ಕೂತು ಒಂದು ಮಾತೂ ಆಡುವುದಿಲ್ಲವಂತೆ. ಹಾಗೆ ಬಾಯಿ ಮುಚ್ಚಿಕೊಂಡು ಕೂತರೆ ಯಾರಿಗೆ ತಾನೇ ಓಡಿಸಲು ಬರುತ್ತದೆ?

ದೀಪದ ಕೆಳಗೇ ಕತ್ತಲು ಎಂಬಂತೆ ಮೇಷ್ಟ್ರ ಹೆಂಡತಿಗೂ ಲೈಸೆನ್ಸ್ ಇರಲಿಲ್ಲ. ಆಕೆ ಕಿಟಕಿ ಬಾಗಿಲುಗಳ ಪರದೆ ಹೊಲಿದು ಮನೆಮನೆಗೆ ತಲುಪಿಸುವವಳು. ಮನೆಯ ಕಾರು ಅಂಗಳದಲ್ಲಿ ಧೂಳು ತಿನ್ನುತ್ತಿದ್ದರೆ, ಆಕೆ ಬಟ್ಟೆಯ ಗಂಟನ್ನು ಕಂಕುಳಲ್ಲಿ ಒತ್ತಿಕೊಂಡು, ಪರದೆಯ ಉದ್ದನೆಯ ಸರಳನ್ನು ಭುಜಕ್ಕಾನಿಸಿಕೊಂಡು ಬಸ್ಸಿಗೆ ಕಾಯಬೇಕಾಗಿತ್ತು. ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿದ್ದಳು. ಬೇರೆ ಶಾಲೆಗೆ ಹೋಗಿ ಕಲಿಯೋಣವೆಂದರೆ ಗಂಡನ ಮರ್ಯಾದೆ ಅಡ್ಡ. ಗಂಡನ ಹತ್ತಿರವೇ ಕಲಿಯೋಣವೆಂದರೆ ಗಂಡನೇ ಅಡ್ಡ. ಒಮ್ಮೆಯಂತೂ ಪಾಠದ ನಡುವೆ ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ, ಕೀಲಿ ಸೆರಗಿಗೆ ಕಟ್ಟಿಕೊಂಡು, ನಡೆದೇ ಮನೆಗೆ ಬಂದಿದ್ದಳು. ನಾಲ್ಕನೆಯ ಪರೀಕ್ಷೆಯ ದಿನ ಗೊತ್ತಾಗಿತ್ತು. ಇದೊಂದು ಸಲ ಪಾಸಾಗದಿದ್ದರೆ ಕಾರನ್ನು ಮಾರಿಸಿ ಇನ್ನೊಂದು ಹೊಲಿಗೆ ಯಂತ್ರ ತರಿಸುತ್ತೇನೆ ಎಂದು ಆಕೆ ಶಪಥ ಮಾಡಿದ್ದಳು. ಸರಿಯಾಗಿ ಅದಕ್ಕೆ ಮೊದಲೇ ಆಪರೇಷನ್ ಬಂತು.

ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನಲ್ಲಿ ಮಾತ್ರ ಹಾಸಿಗೆ ಖಾಲಿ ಇತ್ತು. ಮೇಷ್ಟ್ರಿಗೆ ಎಚ್ಚರವಾದಾಗ ಗೋಡೆಯ ಮೇಲಿಂದ ಒಂದು ಮೊಲ ನಗುತ್ತಿತ್ತು, ಅವರ ಅಂಗಿಗೆ ನರ್ಸು "ಜಾಣಮರಿ" ಎಂಬ ಚೀಟಿ ಅಂಟಿಸಿದ್ದಳು. ಪ್ರತಿಭಟಿಸಲು ಬಾಯಿ ತೆರೆದರು. ಗಂಟಲಿನಲ್ಲಿ ಎದ್ದ ಉರಿ ಕಿವಿಯವರೆಗೂ ಹೋಗಿ ಬಂತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ ಎಂದು ಹಿರಿಯರು ಹೇಳಿದ್ದು ಈ ಸ್ಥಿತಿಗೇ ಇರಬೇಕು ಅನ್ನಿಸಿತು. ಪಕ್ಕದ ಹಾಸಿಗೆಯ ಆರು ವರ್ಷದ ಹುಡುಗಿ, ಅದೇ ದಿನ ಅದೇ ಆಪರೇಷನ್ ಆದವಳು, ಆಗಲೇ ಮಂಚದ ಮೇಲೆ ಕುಣಿಯುತ್ತಿದ್ದಳು.

"ಮಕ್ಕಳಿಗೆ ಬೇಗ ವಾಸಿಯಾಗುತ್ತೆ, ದೊಡ್ಡವರಿಗೆ ಸ್ವಲ್ಪ ಕಷ್ಟ" ಎಂದರು ಡಾಕ್ಟರು. "ತಣ್ಣಗಿನದು, ಮೆತ್ತಗಿನದು ಕೊಡಿ. ನೋವಾದ್ರೂ ನೀರು ಕುಡೀತಾ ಇರ್ಬೇಕು. ನಾನು ಹೇಳೋವರೆಗೆ ಮಾತು ಬೇಡ."

"ಒಂದೂ ಬೇಡ್ವಾ?" ಎಂದು ಕೇಳಿದ ಹೆಂಡತಿಯ ದನಿಯಲ್ಲಿ ಕಳವಳ ಎಷ್ಟಿತ್ತು, ಕಳೆ ಎಷ್ಟಿತ್ತು ಎಂದು ಮೇಷ್ಟ್ರಿಗೆ ತೂಗಿ ನೋಡಲಾಗಲಿಲ್ಲ.

ಮನೆಯಲ್ಲಿ ಅವರ ತಾಯಿ ಮಗನ ಬಾಯಿಗೆ ತಣ್ಣನೆಯ ಗಂಜಿ ಹಾಕುತ್ತ ಮರುಗಿದರು. "ಪಾಪ, ನೀನು ಮೂರು ವರ್ಷದವನಿದ್ದಾಗ್ಲೇ ತೆಗೆಸಿಬಿಡ್ಬೇಕಿತ್ತು ಮಗಾ. ನಾನೂ ಒಂದಿಷ್ಟು ಸುಖವಾಗಿರ್ತಿದ್ದೆ."

ನೋವು ಒಂದಿಷ್ಟು ಹಿಡಿತಕ್ಕೆ ಬಂದ ಮೇಲೆ ಒಂದು ಬೆಳಿಗ್ಗೆ ಹೆಂಡತಿ ಎದುರಿಗೆ ಬಂದು ನಿಂತಳು. "ರೀ, ಇವತ್ತಿಂದ ನಂಗೆ ಪ್ರಾಕ್ಟೀಸ್ ಮಾಡಿಸ್ಬೇಕು. ಆಗಲ್ಲ ಅಂದ್ರೆ ಬಾಯ್ಬಿಟ್ಟು ಹೇಳಿ."

ಮೇಷ್ಟ್ರು ಕೈ ಆಡಿಸಿದರು, ತಲೆ ಆಡಿಸಿದರು, ಗಂಟಲು ಮುಟ್ಟಿ ತೋರಿಸಿದರು.

"ಮೌನಂ ಸಮ್ಮತಿ ಲಕ್ಷಣಂ" ಎಂದು ಆಕೆ ಕೀಲಿ ತೆಗೆದುಕೊಂಡಳು.

ಕತ್ತಿಗೆ ಮಫ್ಲರು, ಕೈಯಲ್ಲಿ ಐಸ್‌ಕ್ರೀಂ ಬಟ್ಟಲು, ಎದೆಯಲ್ಲಿ ಅವಲಕ್ಷಣದ ಶಂಕೆ ಇಟ್ಟುಕೊಂಡು ಮೇಷ್ಟ್ರು ಶಾಲೆಯ ಕಾರಿನಲ್ಲಿ ಕೂತರು. ಮೊದಲ ತಿರುವು ಚೆನ್ನಾಗಿಯೇ ಆಯಿತು. ಮುಂದೆ ಒಂದು ರಸ್ತೆ ಉಬ್ಬು ಕಂಡಿತು. ಮೇಷ್ಟ್ರು ಅಭ್ಯಾಸಬಲದಿಂದ ಬಾಯಿ ತೆರೆದರು. ಚಕ್ರದಿಂದ ಗಾಳಿ ಹೋದಂಥ ಒಂದು ಸದ್ದು ಹೊರಬಂತು, ಅಷ್ಟೇ. ಕಾಲ ಬಳಿಯೇ ಬ್ರೇಕ್ ಇದೆಯೆಂದು ನೆನಪಾಗುವಷ್ಟರಲ್ಲಿ ಕಾರು ಉಬ್ಬನ್ನು ಹಾರಿ ಆಚೆ ಇಳಿದಿತ್ತು. ಐಸ್‌ಕ್ರೀಮು ಮೀಸೆಗೆ ಏರಿತ್ತು.

ಹೆಂಡತಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಗಂಡನನ್ನೇ ದಿಟ್ಟಿಸಿದಳು. "ಹಂಪ್ ಬಂತು, ನೀವು ಕೂಗ್ಲೇ ಇಲ್ಲ."

ಮೇಷ್ಟ್ರು ಗಂಟಲು ತೋರಿಸಿದರು.

"ಅಲ್ಲ, ತಾಳಿ. ಅಂದ್ರೆ ಇಷ್ಟು ದಿನ ನಾನು ರಸ್ತೆ ನೋಡ್ತಾನೇ ಇರ್ಲಿಲ್ಲ. ನಿಮ್ಮ ಬಾಯಿಗೆ ಕಾಯ್ತಾ ಕೂತಿರ್ತಿದ್ದೆ." ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ, ಸೆರಗಿನಿಂದ ಗಂಡನ ಮೀಸೆ ಒರೆಸಿ, ಮತ್ತೆ ಗಾಡಿ ಹೊರಡಿಸಿದಳು.

ಆಮೇಲಿನ ಪಾಠಗಳೆಲ್ಲ ತಲೆಕೆಳಗು. ಮೇಷ್ಟ್ರು ಮೂಕ, ಶಿಷ್ಯೆಯೇ ವಾಚಾಳಿ. "ಮುಂದೆ ಶಾಲೆ ಇದೆ, ನಿಧಾನ. ಈ ಸೈಕಲಿನವನನ್ನ ನಂಬೋ ಹಾಗಿಲ್ಲ, ಜಾಗ ಬಿಡೋಣ. ಕನ್ನಡಿ ನೋಡಿದೆ, ಈಗ ತಿರುಗ್ತೀನಿ" ಎಂದು ತನಗೆ ತಾನೇ ಹೇಳಿಕೊಂಡು ಓಡಿಸುತ್ತಿದ್ದಳು. ಮೇಷ್ಟ್ರು ಚೀಟಿಯಲ್ಲಿ ಬರೆದು ಮುಂದೆ ಹಿಡಿದರೆ, "ಗಾಡಿ ಓಡಿಸೋವಾಗ ಏನೂ ಓದ್ಬಾರ್ದು ಅಂತ ನೀವೇ ಹೇಳಿದ್ದು" ಎನ್ನುವಳು. ಎದುರಿನ ಡ್ಯಾಶ್‌ಬೋರ್ಡನ್ನು ಬೆರಳಿನಿಂದ ಬಡಿದರೆ, "ತಬಲಾ ಬೇಡ, ಗಮನ ಹೋಗುತ್ತೆ" ಎನ್ನುವಳು.

ದಿನ ಕಳೆದಂತೆ ಕೂಗುವಂಥ ಸಂದರ್ಭಗಳೇ ಕಡಿಮೆಯಾದವು. ಮೇಷ್ಟ್ರಿಗೆ ಇದರಿಂದ ಸಂತೋಷವೇ ಆಯಿತು. ಹೆಂಡತಿಯ ಕೈ ಸ್ಟಿಯರಿಂಗಿನ ಮೇಲೆ ಹಗುರವಾಗಿ ಕೂತದ್ದನ್ನು ನೋಡಿ ಅವರಿಗೆ ಹೆಮ್ಮೆ. ಜೊತೆಗೇ ಒಂದು ಕೊರಗು. ಇಷ್ಟು ವರ್ಷ ಕೂಗಿ ಕೂಗಿ ಊದಿಸಿಕೊಂಡ ಗಂಟಲು ಯಾವ ಕೆಲಸಕ್ಕೂ ಬೇಡವಾಗಿತ್ತೆ? ಬಾಯಿದ್ದವನು ಬರದಲ್ಲೂ ಬದುಕಿದ ಎಂಬ ಗಾದೆಯನ್ನು ನೆಚ್ಚಿಕೊಂಡವರು ಅವರು. ಈ ದುಃಖವನ್ನು ಯಾರ ಹತ್ತಿರವಾದರೂ ತೋಡಿಕೊಳ್ಳೋಣವೆಂದರೆ ಮಾತಾಡುವ ಹಾಗಿರಲಿಲ್ಲ.

ಪರೀಕ್ಷೆಯ ದಿನ ಅವರು ಮೈದಾನದ ಬೇಲಿ ಹಿಡಿದು ನಿಂತಿದ್ದರು. ಅಧಿಕಾರಿ ಎಂದಿನಂತೆ ಬಾಯಿ ಮುಚ್ಚಿ ಕೂತ. ಹೆಂಡತಿಗೆ ಅದು ಮನೆಯ ವಾತಾವರಣವೇ ಅನ್ನಿಸಿರಬೇಕು. ಹಿಂದಕ್ಕೆ ಹೋದಳು, ಏರಿನಲ್ಲಿ ನಿಲ್ಲಿಸಿ ಹೊರಟಳು, ಕಂಬಗಳ ನಡುವೆ ನುಸುಳಿ ಬಂದಳು. ಒಂದು ಕಂಬವೂ ಬೀಳಲಿಲ್ಲ.

"ಚೆನ್ನಾಗಿ ಓಡಿಸ್ತೀರಿ. ಯಾರಮ್ಮ ಕಲಿಸಿದ್ದು?" ಎಂದ ಅಧಿಕಾರಿ.

"ಇವ್ರೇ" ಎಂದು ಆಕೆ ಗಂಡನ ಕಡೆ ಕೈ ತೋರಿಸಿದಳು. "ಆಪರೇಷನ್ ಆದ್ಮೇಲೆ ಬಹಳ ಚೆನ್ನಾಗಿ ಕಲಿಸ್ತಾರೆ."

ಅಂದು ರಾತ್ರಿ ಮನೆಯಲ್ಲಿ ಎಲ್ಲರಿಗೂ ಐಸ್‌ಕ್ರೀಂ. ತಾಯಿಯಂತೂ ಎರಡು ಬಟ್ಟಲು ತಿಂದು ಸೊಸೆಯನ್ನು ಬಾಯಿತುಂಬ ಹೊಗಳಿದರು. ಮೇಷ್ಟ್ರು ಮನಸ್ಸಿನಲ್ಲೇ ನಿಶ್ಚಯಿಸಿದರು: ದನಿ ಒಂದು ಬರಲಿ, ಈ ಗಂಟಲಿನ ಬೆಲೆ ಏನೆಂದು ಲೋಕಕ್ಕೆ ತೋರಿಸಿಯೇ ತೀರುತ್ತೇನೆ.

ಕೊನೆಯ ತಪಾಸಣೆಗೆ ಹೆಂಡತಿಯೇ ಮನೆಯ ಕಾರಿನಲ್ಲಿ ಕರೆದುಕೊಂಡು ಹೋದಳು. ಡಾಕ್ಟರು ಇಣುಕಿ ನೋಡಿ ಖುಷಿಪಟ್ಟರು. "ಗಾಯ ಪೂರ್ತಿ ಮಾಯ್ದಿದೆ. ಇನ್ನು ಧಾರಾಳವಾಗಿ ಮಾತಾಡಿ."

"ಧಾರಾಳವಾಗಿ ಅಂದ್ರೆ ಎಷ್ಟು ಡಾಕ್ಟ್ರೇ?" ಎಂದು ಹೆಂಡತಿ ವಿಚಾರಿಸಿದಳು. "ದಿನಕ್ಕೆ ಎರಡು ಸಲ ಸಾಕಾ? ಊಟಕ್ಕೆ ಮುಂಚೆನಾ, ಆಮೇಲಾ?"

ಮೇಷ್ಟ್ರು ಮಫ್ಲರು ಸುತ್ತಿಕೊಂಡು ಎದ್ದರು. ಮೊದಲ ಮಾತನ್ನು ದಂಡ ಮಾಡಬಾರದೆಂದು ಜೋಪಾನವಾಗಿ ಇಟ್ಟುಕೊಂಡಿದ್ದರು.

ಆಸ್ಪತ್ರೆಯ ಗೇಟು ದಾಟಿದರೆ ದೊಡ್ಡ ಸರ್ಕಲ್. ಕಚೇರಿ ಬಿಡುವ ಹೊತ್ತು, ನಾಲ್ಕೂ ಕಡೆಯಿಂದ ಗಾಡಿಗಳು. ಹೆಗಲ ಮೇಲೆ ಏಣಿ ಹೊತ್ತ ಒಬ್ಬ ಬಣ್ಣದ ಕೆಲಸದವನು ರಸ್ತೆಗಿಳಿದ. ಹೆಂಡತಿ ಅವನನ್ನು ಆಗಲೇ ನೋಡಿದ್ದಳು, ವೇಗ ಇಳಿಸಿಯೂ ಇದ್ದಳು. ಆದರೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಕಿಟಕಿಯ ಗ್ಲಾಸು ಇಳಿದಿತ್ತು, ಗಂಟಲಿನಲ್ಲಿ ಅಡ್ಡ ಬರುವುದೇನೂ ಉಳಿದಿರಲಿಲ್ಲ.

"ಬ್ರೇಕ್!"

ಹುಟ್ಟಿದಂದಿನಿಂದ ಅಂಥ ದನಿ ಅವರಿಗೇ ಬಂದಿರಲಿಲ್ಲ.

"ನೋಡಿದ್ದೀನಿ ರೀ" ಎಂದಳು ಹೆಂಡತಿ, ಏಣಿಯವನಿಗೆ ದಾರಿ ಬಿಟ್ಟು ಮೆಲ್ಲನೆ ಮುಂದೆ ಸಾಗುತ್ತ. ಆಕೆಯ ಕಾಲು ಒಂಚೂರೂ ಬೆಚ್ಚಲಿಲ್ಲ.

ಬೆಚ್ಚಿದ್ದು ಊರು. ಬ್ರೆಡ್ಡಿನ ವ್ಯಾನು ಕಿರ್ರೆಂದು ನಿಂತಿತು. ಅದರ ಹಿಂದೆ ಶಾಲೆಯ ಬಸ್ಸು, ಎರಡು ಟ್ಯಾಕ್ಸಿ, ಬ್ಯಾಂಕಿನ ಮ್ಯಾನೇಜರ ಕಾರು, ಆಸ್ಪತ್ರೆಯದೇ ಆಂಬುಲೆನ್ಸು. ಮುಂದಿದ್ದವರದ್ದೂ ಹಿಂದಿದ್ದವರದ್ದೂ ಕಾಲು ಒಂದೇ ಹೊತ್ತಿಗೆ ಬಿದ್ದಿದ್ದರಿಂದ ಯಾರಿಗೂ ಯಾರೂ ಗುದ್ದಲಿಲ್ಲ. ಎಂಜಿನ್‌ಗಳೆಲ್ಲ ಆಫಾಗಿ ಸರ್ಕಲ್ಲು ನಿಶ್ಶಬ್ದವಾಯಿತು. ಚಾಲಕರೆಲ್ಲ ತಪ್ಪು ಮಾಡಿದ ಮುಖ ಹೊತ್ತು ತಮ್ಮ ತಮ್ಮ ಪಕ್ಕದ ಸೀಟಿನ ಕಡೆಗೆ ನೋಡುತ್ತಿದ್ದರು. ಏಣಿಯವನೂ ಒಂದು ಕಾಲು ಮುಂದಿಟ್ಟು ಹಾಗೇ ನಿಂತಿದ್ದ. ಅವನು ಹೋದ ವರ್ಷ ಕಲಿತವನು.

ಬ್ರೆಡ್ಡಿನ ವ್ಯಾನಿನಿಂದ ಒಂದು ತಲೆ ಹೊರಬಂತು. "ಮೇಷ್ಟ್ರೇ, ಈಗ ಹೋಗ್ಲಾ?"

ನಡುವೆ ನಿಂತಿದ್ದ ಟ್ರಾಫಿಕ್ ಪೊಲೀಸ್, ನೆಲಕ್ಕೆ ಬಲವಾಗಿ ಊರಿದ್ದ ತನ್ನ ಬಲಗಾಲನ್ನು ಎತ್ತಿಕೊಂಡು ಬಂದು, ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿದ. "ನಮಸ್ಕಾರ ಮೇಷ್ಟ್ರೇ. ಇದು ಆಸ್ಪತ್ರೆ ಜಾಗ. ಇಲ್ಲಿ ಹಾರ್ನ್ ಮಾಡೋ ಹಾಗಿಲ್ಲ."

"ಹಾರ್ನ್ ಎಲ್ಲಿ ಮಾಡಿದ್ವಿ? ನಾನು ಮಾತಾಡಿದ್ದು" ಎಂದರು ಮೇಷ್ಟ್ರು.

"ನಾನೂ ಅದನ್ನೇ ಹೇಳ್ತಿರೋದು." ಅವನು ಬಗ್ಗಿ ಹೆಂಡತಿಯ ಕಡೆ ನೋಡಿ ವಿನಯದಿಂದ ಹೇಳಿದ, "ಅಕ್ಕ, ನೀವು ಹೊರಡಿ. ಈ ಸರ್ಕಲಲ್ಲಿ ಗಾಡಿ ಓಡಿಸೋಕೆ ಬರೋದು ನಿಮಗೊಬ್ರಿಗೇ. ಆ ಗ್ಲಾಸ್ ಒಂದು ಏರಿಸ್ಕೊಂಡುಬಿಡಿ."

ಆಕೆ ಗಂಡನ ಪಕ್ಕದ ಗ್ಲಾಸನ್ನು ಪೂರ್ತಿ ಏರಿಸಿ, ಕನ್ನಡಿ ನೋಡಿಕೊಂಡು, ನಿಂತುಹೋದ ಊರಿನ ನಡುವಿನಿಂದ ಕಾರನ್ನು ನಿಧಾನವಾಗಿ ಹೊರಗೆ ತಂದಳು.